ಮೂರನೇ ದಾರಿ ನಡೆದವರು

ಅಕ್ಕನ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳನ್ನು ಬಿಟ್ಟು ದೂರ ನಿಂತಿತ್ತು. ನಡುವೆ ಇನ್ನೊಂದು ಬೆರಳು ಇಡುವಷ್ಟು ಜಾಗ. ಬಂಡೆ ಹತ್ತುವಾಗ ಚಪ್ಪಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲು ಆ ಬೆರಳನ್ನೇ ಮುಂದಿಡುತ್ತಿದ್ದಳು. ಕಲ್ಲನ್ನು ಒಮ್ಮೆ ಒತ್ತಿ ನೋಡುವುದು, ಆಮೇಲೆ ಅಂಗಾಲು, ಆಮೇಲೆ ಮೈಭಾರ. ಬೂಟು ಹಾಕಿಕೊಂಡು ಬೆಟ್ಟ ನೋಡಲು ಬಂದ ಪಟ್ಟಣದ ಹುಡುಗಿಯರು ಅವಳ ಪಾದದ ಫೋಟೋ ತೆಗೆದುಕೊಳ್ಳುತ್ತಿದ್ದರು. "ಮಕ ಬುಟ್ಟು ಕಾಲ್ ಇಡ್ಕೊಂಡು ಹೋಯ್ತಾರಲ್ಲ ಇವ್ರು" ಎಂದು ಅಕ್ಕ ನಗುತ್ತಿದ್ದಳು.

ಕೊರಟಗೆರೆ ತಾಲ್ಲೂಕಿನಲ್ಲಿ, ತೋವಿನಕೆರೆ ದಾಟಿ ಬಂದರೆ ಸಿಗುವ ಒಂದು ಬೆಟ್ಟದ ಬುಡದಲ್ಲಿ ನಮ್ಮ ಹಟ್ಟಿ. ನಾವು ಮೇಕೆ ಕಾಯುವವರು. ಅಪ್ಪ ತೀರಿಕೊಂಡ ಮೇಲೆ ಮೇಕೆಗಳು ಅಕ್ಕನ ಹಿಂದೆ ಹೋದವು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಲಗೇಜ್ ಆಟೋ ಓಡಿಸಲು ಕಲಿತು, ಬೆಟ್ಟಕ್ಕೆ ಬೆನ್ನು ಹಾಕಿದೆ. ಅಕ್ಕನನ್ನು ಶಿರಾ ತಾಲ್ಲೂಕಿನ ಗೌಡಗೆರೆ ಕಡೆಗೆ ಕೊಟ್ಟಿದ್ದರು. ನಾಲ್ಕು ವರ್ಷಕ್ಕೆ ಭಾವ ತೀರಿಹೋದರು, ಮಕ್ಕಳಿರಲಿಲ್ಲ, ಅವಳು ಒಂದು ಟ್ರಂಕು ಹೊತ್ತುಕೊಂಡು ವಾಪಸು ಬಂದಳು. ಅಲ್ಲಿ ಹೆಂಗಿತ್ತು ಎಂದು ಯಾರಾದರೂ ಕೇಳಿದರೆ ಗಂಡನ ಮಾತು ಎತ್ತುತ್ತಿರಲಿಲ್ಲ. "ಎಲ್ಲಾ ಬಯಲು ಕಣಮ್ಮ. ಕಡ್ಲೆಕಾಯಿ ಹೊಲ ಬುಟ್ರೆ ಏನಿಲ್ಲ. ತಲೆ ಎತ್ತಿದ್ರೆ ಕಣ್ಣಿಗೆ ಒರಗೋಕೆ ಏನೂ ಸಿಗಾಕಿಲ್ಲ" ಎನ್ನುತ್ತಿದ್ದಳು.

ಭಾನುವಾರಗಳಂದು ತುಮಕೂರಿನಿಂದ, ಬೆಂಗಳೂರಿನಿಂದ ಬೆಟ್ಟ ಹತ್ತುವವರು ಬರತೊಡಗಿದರು. ಮೇಕೆ ಮೇಯಿಸುತ್ತಿದ್ದ ಅಕ್ಕನನ್ನು ದಾರಿ ಕೇಳುತ್ತಿದ್ದರು. ಬಾಯಲ್ಲಿ ಹೇಳಿ ಕಳಿಸಿದವರು ಎಲ್ಲೆಲ್ಲೋ ಸಿಕ್ಕಿಕೊಳ್ಳುವುದನ್ನು ನೋಡಿ, ತಾನೇ ಮುಂದೆ ನಡೆಯಲು ಶುರು ಮಾಡಿದಳು. ಇಳಿದು ಬಂದವರಿಗೆ ಮುದ್ದೆ, ಹುರುಳಿಕಾಳು ಸಾರು. ಬೆಟ್ಟಕ್ಕೆ ಮೂರು ದಾರಿಗಳಿದ್ದವು. ಮೊದಲನೆಯದು ಮಕ್ಕಳೂ ಹತ್ತುವಂಥದ್ದು. ಎರಡನೆಯದು ಸ್ವಲ್ಪ ಕಷ್ಟ. ಮೂರನೆಯದು ಬೆಟ್ಟದ ಹಿಂಬದಿಯಲ್ಲಿ, ಬಂಡೆಯ ನಡುವೆ ವರ್ಷವಿಡೀ ನೀರು ನಿಲ್ಲುವ ದೊಣೆಯವರೆಗೆ ಹೋಗಿ ಅಲ್ಲಿಂದ ನೆತ್ತಿಗೆ ಏರುವಂಥದ್ದು. ಅದರಲ್ಲಿ ಯಾರನ್ನು ಕರೆದೊಯ್ಯಬೇಕು ಎಂಬುದನ್ನು ಅವಳು ಬಂದವರ ಕಾಲು ನೋಡಿ ತೀರ್ಮಾನಿಸುತ್ತಿದ್ದಳು. ವರ್ಷಕ್ಕೆ ನಾಲ್ಕೈದು ಗುಂಪು, ಅಷ್ಟೇ.

ಅವಳದ್ದೊಂದು ರೂಢಿ ಇತ್ತು. ಸಂಜೆ ಮೇಕೆಗಳನ್ನು ರೊಪ್ಪಕ್ಕೆ ಬಿಡುವಾಗ ಒಂದೊಂದರ ಬೆನ್ನು ಮುಟ್ಟಿ ಎಣಿಸುತ್ತಾರಲ್ಲ, ಹಾಗೇ ಬೆಟ್ಟದ ಬಾಯಲ್ಲಿರುವ ಎರಡು ಬಂಡೆಗಳ ಸಂದಿಯಲ್ಲಿ ನಿಂತು, ಹತ್ತುವವರ ಭುಜವನ್ನು ಒಬ್ಬೊಬ್ಬರದಾಗಿ ಮುಟ್ಟಿ ಎಣಿಸುತ್ತಿದ್ದಳು. ಇಳಿಯುವಾಗಲೂ ಹಾಗೇ. ಒಮ್ಮೆ ಯಾರೋ ದೊಡ್ಡ ಕೆಲಸದಲ್ಲಿದ್ದವರು, "ನಾವೇನು ಮೇಕೆಗಳಾ?" ಎಂದರು. ಅಕ್ಕ, "ಮೇಕೆ ಆಗಿದ್ರೆ ಎಣಿಸ್ತಾನೇ ಇರ್ಲಿಲ್ಲ ಸಾರ್, ಅವು ತಾವೇ ಬತ್ತವೆ" ಎಂದಳು. ಆ ಮನುಷ್ಯ ನಕ್ಕು ಭುಜ ಕೊಟ್ಟರು.

ಸಣ್ಣ ಪ್ರವಾಸಿ ಉದ್ಯಮಗಳಿಗೆ ಸರ್ಕಾರ ಕೈ ಹಿಡಿಯುತ್ತದೆ, ಹೆಂಗಸರಿಗೆ ಮೊದಲ ಅವಕಾಶ ಎಂಬ ಸುದ್ದಿ ಬಂದದ್ದು ಆಗ. ನಾನೇ ಅರ್ಜಿ ಬರೆದೆ. ಎರಡು ಕೋಣೆ, ಒಂದು ಅಡುಗೆಮನೆ, ಎರಡು ಕಕ್ಕಸು. ಆಯ್ಕೆಯಾದವರನ್ನೆಲ್ಲ ಮಧುಗಿರಿಗೆ ತರಬೇತಿಗೆ ಕರೆದರು. ಅಲ್ಲಿ ಯೋಜನೆ ನೋಡಿಕೊಳ್ಳುತ್ತಿದ್ದ ಮೇಡಂ ಒಬ್ಬರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಬರೀ ಗೋಡೆ ಕಟ್ಟಿದರೆ ಫೈಲು ಮುಂದಕ್ಕೆ ಹೋಗುವುದಿಲ್ಲ, ಡಿಜಿಟಲ್ ಭಾಗ ಇರಲೇಬೇಕು ಎಂದರು. ಫೋನಿನಲ್ಲೇ ಕೋಣೆ ಬುಕ್ ಮಾಡುವುದು, ಫೋನಿನಲ್ಲೇ ಹಣ ಕೊಡುವುದು. ನಮ್ಮಂಥ ಬೆಟ್ಟದವರಿಗೆ ಇನ್ನೊಂದು: ಬೆಟ್ಟದ ದಾರಿಗಳನ್ನು ಫೋನಿನ ನಕ್ಷೆಗೆ ಏರಿಸುವುದು. ಗೊತ್ತಿರುವವರು ಫೋನು ಹಿಡಿದು ದಾರಿ ನಡೆಯಬೇಕು. ಅವರು ನಡೆದಂತೆ ಗೆರೆ ಮೂಡುತ್ತದೆ. ಆಮೇಲೆ ಬರುವವರು ಆ ಗೆರೆ ಹಿಡಿದು ಹೋದರೆ ದಾರಿ ತಪ್ಪುವುದಿಲ್ಲ.

ಅಕ್ಕ ಎದ್ದು ನಿಂತಳು. "ನಾನ್ ನಡ್ದಿದ್ದು ಫೋನಿಗೆ ಹೆಂಗೆ ಗೊತ್ತಾಯ್ತದೆ ಮೇಡಂ?"

"ಆಕಾಶದಿಂದ ಉಪಗ್ರಹ ನೋಡುತ್ತಮ್ಮ."

"ಮ್ಯಾಲಿಂದ ನೋಡಿದ್ರೆ ನಾನು ಅಂತ ಗುರ್ತು ಸಿಗ್ತದಾ?"

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. "ಇಲ್ಲಮ್ಮ, ಬರೀ ಚುಕ್ಕೆ ಕಾಣುತ್ತೆ. ಯಾರು ನಡೆದರು ಅಂತ ಕೆಳಗೆ ನಿಮ್ಮ ಹೆಸರು ಹಾಕ್ತೀವಿ" ಎಂದರು. ಅಕ್ಕನ ಮುಖ ಅರಳಿತು. ಪಡಿತರ ಚೀಟಿ, ಆಧಾರ್ ಕಾರ್ಡು ಬಿಟ್ಟರೆ ಎಲ್ಲೂ ಅಚ್ಚಾಗದ ಹೆಸರು. ವಾಪಸು ಬರುವಾಗ ಬಸ್ಸಿನಲ್ಲಿ, "ನಾನಿಲ್ದಾಗ ಬಂದೋರೂ ನನ್ನ ಹಿಂದ್ಲೇ ಹೋದಂಗಾಯ್ತು ಅಲ್ವೇನ್ಲಾ" ಎಂದು ಎರಡು ಸಲ ಕೇಳಿದಳು.

ನನಗೆ ನೆನಪಿನಲ್ಲಿ ಉಳಿದದ್ದು ಬೇರೆ ಮಾತು. ಪಾವಗಡದ ತಿರುಮಣಿ ಕಡೆಯವರೊಬ್ಬರು ಅಲ್ಲಿಗೆ ಬಂದಿದ್ದರು. ಜಮೀನನ್ನು ಸೋಲಾರಿಗೆ ಕೊಟ್ಟು, ಪ್ಯಾನೆಲ್ ನೋಡಲು ಬರುವವರಿಗೆಂದು ರೂಮು ಕಟ್ಟಿಸುತ್ತಿದ್ದವರು. ಊಟದ ಹೊತ್ತಿನಲ್ಲಿ ನನ್ನ ಪಕ್ಕ ಕುಳಿತು, "ಏಮ್ ತಮ್ಮುಡೂ, ಅಷ್ಟು ಯೋಚ್ನೆ? ಈ ಡಿಜಿಟಲ್ ಅನ್ನೋದು ಫೈಲು ಕೋಸಂ, ಮನಕೋಸಂ ಕಾದು, ನಮಗಲ್ಲ. ಅವ್ರಿಗೆ ಒಂದು ಗೆರೆ ಬೇಕಾ, ಒಂದು ಗೆರೆ ಕೊಡು. ಅಷ್ಟೇ ಕದಾ" ಎಂದು ಬೆನ್ನು ತಟ್ಟಿದರು. ಆ ಮಾತು ನನಗೆ ಹಿತವಾಗಿತ್ತು.

ನನ್ನ ಫೋನಿಗೆ ಆ್ಯಪ್ ಹಾಕಿಕೊಟ್ಟರು. ಮೊದಲ ಎರಡು ದಾರಿಗಳನ್ನು ಅಕ್ಕ ಮುಂದೆ, ನಾನು ಫೋನು ಹಿಡಿದು ಹಿಂದೆ, ಎರಡು ದಿನದಲ್ಲಿ ಮುಗಿಸಿದೆವು. ತಿರುವು ಬಂದಲ್ಲೆಲ್ಲ ನಿಂತು, "ಇಲ್ಲಿ ಅದಕ್ಕೆ ಚೆನ್ನಾಗಿ ಕಾಣ್ಲಿ" ಎಂದು ಆಕಾಶ ನೋಡುತ್ತಿದ್ದಳು. ಮೂರನೇ ದಾರಿಯ ದಿನ ಕೋಣೆಗಳಿಗೆ ತಾರಸಿಯ ಮೋಲ್ಡ್ ಹಾಕುವ ಕೆಲಸ ಬಿತ್ತು. ಗಾರೆಯವರನ್ನು ಬಿಟ್ಟು ಅವಳು ಬರುವಂತಿರಲಿಲ್ಲ. ಗೆರೆಗಳನ್ನು ಕಳಿಸಲು ಮಾರನೇ ದಿನ ಕೊನೆ.

"ದೊಣೆ ದಾರಿ ನಿಂಗೆ ಗೊತ್ತಲ್ವೇನ್ಲಾ?"

"ಗೊತ್ತು ಬುಡು" ಎಂದೆ. ನಿಜವಾಗಿ, ಎಂಟೊಂಬತ್ತು ವರ್ಷದವನಿದ್ದಾಗ ಅಪ್ಪನ ಹಿಂದೆ ಒಂದು ಸಲ ಹೋಗಿದ್ದೆ, ಅಷ್ಟೇ.

ಅವಳಿಗೆ ಅನುಮಾನ ಬಂದಿರಬೇಕು. ತಲೆಗೆ ಕಟ್ಟಿದ ಟವೆಲಿನ ತುಂಬ ಸಿಮೆಂಟಿನ ಧೂಳು, ಒಂದು ಕೈಯಲ್ಲಿ ಬಾಂಡ್ಲಿ, ಇನ್ನೊಂದು ಕೈಯಿಂದ ಗಾಳಿಯಲ್ಲಿ ತೋರಿಸುತ್ತಾ ದಾರಿ ಹೇಳಿದಳು. ಎಲ್ಲಿ ಎಡಕ್ಕೆ, ಎಲ್ಲಿ ಬಂಡೆಯ ಹಿಂದಕ್ಕೆ, ಎಲ್ಲಿ ಕೂತು ಜಾರಬೇಕು, ಎಲ್ಲಿ ಕೈ ಊರಬೇಕು. ನಾನು ಹೂಂ ಹೂಂ ಎಂದೆ. ಎರಡು ದಿನ ಹತ್ತಿ ನನ್ನ ತೊಡೆಗಳು ಬಾತುಕೊಂಡಿದ್ದವು. ಬೇಸಗೆಯ ಬಿಸಿಲು ಬೇರೆ. ಅವಳ ಬಾಯಿ ಆಡುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ. ಅದರಿಂದ ಬಂದ ಮಾತುಗಳಲ್ಲಿ ಅರ್ಧ ನನ್ನ ಬಳಿ ಇಲ್ಲ.

ನಮ್ಮ ಮಂದೆಯ ಮುಂದಾಳು ಕೆಂದಿ ಎಂಬ ಮೇಕೆ. ದಿನಾ ಹತ್ತು ಗಂಟೆಗೆ ಮಂದೆಯನ್ನು ಎಳೆದುಕೊಂಡು ದೊಣೆಗೆ ಹೋಗಿ, ನೀರು ಕುಡಿದು, ನೆತ್ತಿಯವರೆಗೆ ಮೇಯ್ದು ಬರುತ್ತಿತ್ತು. ಅದು ಹೊರಡುವುದನ್ನು ಕಂಡಾಗ ನನ್ನ ತಲೆಗೆ ಆ ಯೋಚನೆ ಬಂತು. ಫೋನನ್ನು ಒಂದು ಬಟ್ಟೆಯಲ್ಲಿ ಸುತ್ತಿ, ಗಂಟೆಯ ದಾರದ ಜೊತೆ ಅದರ ಕೊರಳಿಗೆ ಬಿಗಿದೆ. ಬೆಟ್ಟದ ಬಾಯಿಯ ಹತ್ತಿರದ ಹುಣಸೆಮರದ ಕೆಳಗೆ ಮಲಗಿದೆ. ಗಂಟೆಯ ಸದ್ದು ಮೇಲಕ್ಕೆ ಹೋಗಿ ಕಡಿಮೆಯಾಯಿತು. ನಾನು ನಿದ್ದೆ ಹೋದೆ.

ನಾಲ್ಕು ಗಂಟೆಗೆ ಕೆಂದಿ ಬಂತು, ಕೊರಳಲ್ಲಿ ಫೋನಿತ್ತು, ಫೋನಿನಲ್ಲಿ ಗೆರೆಯಿತ್ತು. ಅಲ್ಲಲ್ಲಿ ಸೊಪ್ಪು ಕಂಡು ಅಡ್ಡ ತಿರುಗಿದ ಸುರುಳಿಗಳಿದ್ದವು. ಮಾರನೇ ದಿನ ಮಧುಗಿರಿಯಲ್ಲಿ ಕಂಪ್ಯೂಟರಿನವನು ಅವನ್ನೆಲ್ಲ ಅಳಿಸಿ ನೀಟಾಗಿ ಮಾಡಿದ. "ಮಧ್ಯೆ ಮಧ್ಯೆ ತಿಂಡಿಗೆ ಕೂತಿದ್ರಾ?" ಎಂದು ನಕ್ಕ. ನಾನೂ ನಕ್ಕೆ. ಗೆರೆಯ ಕೆಳಗೆ ನಡೆದವರ ಹೆಸರು ಎಂಬಲ್ಲಿ ಮೂರಕ್ಕೂ ಅಕ್ಕನ ಹೆಸರು ಬಿತ್ತು. ಅವಳು ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಬೆರಳು ತಾಗಿದ್ದಕ್ಕೆ ಪರದೆ ಜಾರಿ ಇನ್ನೇನೋ ಬಂತು. ಗಾಬರಿಯಾಗಿ ಫೋನನ್ನು ನನಗೆ ಕೊಟ್ಟಳು.

ಏಳೆಂಟು ತಿಂಗಳು ಏನೂ ಆಗಲಿಲ್ಲ. ಯೋಜನೆ ಕೆಟ್ಟದ್ದಾಗಿತ್ತು ಎಂದು ನಾನು ಹೇಳುವುದಿಲ್ಲ. ಕೋಣೆಗಳು ತುಂಬುತ್ತಿದ್ದವು. ಮೊದಲ ದಾರಿಯಲ್ಲಿ ತಾವೇ ಹೋದ ಎಷ್ಟೋ ಜನ ಗೆರೆ ನೋಡಿಕೊಂಡು ಕ್ಷೇಮವಾಗಿ ಇಳಿದು ಬಂದರು. ಮೂರನೆಯದಕ್ಕೆ ಅಕ್ಕನೇ ಮುಂದೆ ಹೋಗುತ್ತಿದ್ದಳು. ಅವಳು ಮುಂದಿದ್ದಾಗ ಯಾರೂ ಫೋನು ನೋಡುತ್ತಿರಲಿಲ್ಲ.

ಹಿಂಗಾರು ಮಳೆ ಹಿಡಿದಿತ್ತು. ಒಂದು ಮಧ್ಯಾಹ್ನ ತುಮಕೂರಿನ ಗಂಡ ಹೆಂಡತಿ ಬಂದರು. ಅಕ್ಕ ಕೊರಟಗೆರೆ ಸಂತೆಗೆ ಹೋಗಿದ್ದಳು. ಅವರು ಫೋನು ತೋರಿಸಿ, ಈ ಮೂರನೆಯದರಲ್ಲಿ ಹೋಗಿ ಬರುತ್ತೇವೆ ಎಂದರು. ಅಕ್ಕ ಬರಲಿ, ತಡೆಯಿರಿ ಎನ್ನಲು ನನಗೆ ಬಾಯಿತ್ತು. "ಹೋಗ್ಬನ್ನಿ" ಎಂದೆ.

ಅಕ್ಕ ಸಂತೆಯಿಂದ ಬಂದವಳೇ ಅವರ ಕಾರು ನೋಡಿ, "ಯಾರ್ಲಾ ಹತ್ತಿರೋದು? ಮುಟ್ಟಿ ಎಣಿಸ್ದ್ಯಾ?" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಬಂತು. ಆ ಹೆಂಗಸು ಅಳುತ್ತಿದ್ದಳು. ಗೆರೆ ಇದ್ದ ಹಾಗೇ ಬಂದೆವು, ಈಗ ಮುಂದೆಯೂ ಆಗುತ್ತಿಲ್ಲ, ಹಿಂದೆಯೂ ಆಗುತ್ತಿಲ್ಲ. ಅಕ್ಕ ಫೋನು ಕಿತ್ತುಕೊಂಡಳು.

"ಏನ್ ಕಾಣ್ತದೆ ತಾಯಿ ನಿಂಗೆ? ಕೆಳಗೆ ನೀರು ಕಾಣ್ತದಾ? ಪಕ್ಕದಾಗೆ ಒಂದು ಕಳ್ಳಿ ಗಿಡ ಐತಾ? ಕಾಲಡಿ ಬಂಡೆ ಒಂದು ಮೊಳ ಅಗಲ ಐತಾ? ಅಲ್ಲೇ ಕೂತ್ಕೋ. ಬೆನ್ನು ಬಂಡೆಗೆ ಕೊಟ್ಟು ಕೂತ್ಕೋ. ಬಂದೆ."

ಫೋನು ಇಟ್ಟು ನನ್ನ ಮುಖ ನೋಡಿದಳು. ಬೈಯಲಿಲ್ಲ. "ಅಲ್ಲಿಗೆ ಮನುಷ್ಯರು ಹೋಗಾಕಿಲ್ಲ ಕಣ್ಲಾ. ಯಾವ ಮೇಕೆಗೆ ಕಟ್ಟಿದ್ದೆ?"

"ಕೆಂದಿಗೆ."

"ಕೆಂದಿ ಒಳ್ಳೆ ಮೇಕೆ. ಅದ್ಕೆ ನಾಲ್ಕು ಕಾಲವೆ" ಎಂದಳು. ಹಗ್ಗ ಹೆಗಲಿಗೆ ಹಾಕಿಕೊಂಡಳು.

ನಾವಿಬ್ಬರೂ ಹತ್ತಿದೆವು. ದೊಣೆ ಕಂಡ ತಕ್ಷಣ ಮೇಲೆ, ಎರಡಾಳು ಎತ್ತರದಲ್ಲಿ, ಬಂಡೆಯ ಸೆರಗಿನಲ್ಲಿ ಅವರಿಬ್ಬರು ಕಂಡರು. ಸಣ್ಣಗೆ ಹನಿಯುತ್ತಿತ್ತು. ಅಕ್ಕ ನನಗೆ, "ನೀನ್ ಇಲ್ಲೇ ಅವ್ರ ಕಣ್ಣಿಗೆ ಬೀಳೋಂಗೆ ನಿಂತ್ಕೋ. ಮಾತಾಡ್ಸ್ತಾ ಇರು, ಕೆಳಿಕ್ ನೋಡೋಕೆ ಬುಡ್ಬ್ಯಾಡ. ನಾನು ಹಿಂದ್ಲಿಂದ ಬತ್ತೀನಿ" ಎಂದು ದೊಡ್ಡ ಬಂಡೆಯ ಹಿಂದೆ ಮರೆಯಾದಳು. ನಾನು ಅವರಿಗೆ ಯಾವ ಊರು, ಎಷ್ಟು ಮಕ್ಕಳು ಎಂದು ಕೇಳುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಅಕ್ಕ ಅವರ ಆಚೆ ಪಕ್ಕದಲ್ಲಿ, ಬಂಡೆಯೊಳಗಿಂದ ಬಂದ ಹಾಗೆ, ಕಾಣಿಸಿಕೊಂಡಳು. ಎಲ್ಲಿಂದ ಏರಿದಳು ಎಂದು ನಾನು ನೋಡಲಿಲ್ಲ.

ಹೆಂಗಸಿನ ಸೊಂಟಕ್ಕೆ ಹಗ್ಗ ಕಟ್ಟಿ ಅಗಲವಾದ ಜಾಗಕ್ಕೆ ದಾಟಿಸಿದಳು. ಗಂಡನನ್ನೂ ಮುಕ್ಕಾಲು ದಾಟಿಸಿದ್ದಳು. ಆತ ನಡುಗುತ್ತಿದ್ದ, ಆಯ ತಪ್ಪಿ ಅವಳ ತೋಳು ಹಿಡಿದ. ಅವಳು ಅವನನ್ನು ಒಳಗೆ ತಳ್ಳಿದಳು, ತಾನು ಹೊರಗೆ ಬಂದಳು. ಪಾಚಿ ಕಟ್ಟಿದ ಬಂಡೆಯ ಮೇಲೆ ಜಾರಿ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಬಿದ್ದಳು. ನಾನು ಹಟ್ಟಿಗೆ ಫೋನು ಮಾಡಿದೆ. ಹಟ್ಟಿಯವರು ಬಂದರು, ಅಗ್ನಿಶಾಮಕ ದಳದವರು ಬಂದು ಆ ಇಬ್ಬರನ್ನೂ ಹೊತ್ತು ಮುಳುಗುವ ಮೊದಲು ಹಗ್ಗದಲ್ಲಿ ಇಳಿಸಿದರು. ಅವರಿಗೆ ತರಚಿದ ಗಾಯ ಬಿಟ್ಟರೆ ಏನೂ ಆಗಿರಲಿಲ್ಲ.

ತುಮಕೂರಿನ ಆಸ್ಪತ್ರೆಯಲ್ಲಿ ಅಕ್ಕ ಆರು ದಿನ ಇದ್ದಳು. ಸೊಂಟ ಮುರಿದಿತ್ತು, ಒಳಗೂ ಏಟಾಗಿತ್ತು, ಮಾತು ಸರಿಯಾಗಿತ್ತು. ಮೂರನೇ ದಿನ ಮೇಡಂ ಬಂದರು. ಹಣ್ಣು ತಂದಿದ್ದರು, ಜೊತೆಗೆ ಒಂದು ಫೈಲೂ ಇತ್ತು. ಬಹಳ ಹಿಂಜರಿದು ಕೇಳಿದರು. "ಅಮ್ಮ, ಆ ಮೂರನೇ ದಾರಿ ಹೇಗೆ ಅಲ್ಲಿಗೆ ಹೋಯ್ತು? ನೀವೇ ನಡೆದದ್ದಾ?"

ನಾನು ಮಂಚದ ಕಾಲಿನ ಹತ್ತಿರ ನಿಂತಿದ್ದೆ.

"ನಾನೇ ಮೇಡಂ" ಎಂದಳು ಅಕ್ಕ. "ನನ್ ಕಾಲಿಗೆ ಅಭ್ಯಾಸ. ಬ್ಯಾರೆವ್ರಿಗೆ ಆಗಾಕಿಲ್ಲ ಅನ್ನೋದು ಹೊಳೀಲಿಲ್ಲ. ತಪ್ಪಾಯ್ತು."

ಹೇಳಿ ಮುಗಿಸಿ ನನ್ನ ಕಡೆ ನೋಡಿದಳು. ಸುಮ್ಮನಿರು ಎಂಬ ನೋಟವಲ್ಲ ಅದು. ಆಗಿದ್ದರೆ ನನಗೊಂದು ನೆಪವಿರುತ್ತಿತ್ತು. ಮಾತಾಡುವವರಿಗೆ ಜಾಗ ಬಿಟ್ಟುಕೊಟ್ಟ ಹಾಗೆ ಇತ್ತು. ನಾನು ಗ್ಲೂಕೋಸ್ ಬಾಟಲಿ ನೋಡಿದೆ. ಒಂದು ಹನಿ, ಇನ್ನೊಂದು ಹನಿ. ಮೇಡಂ ಬರೆದುಕೊಂಡು ಹೋದರು. ಆಮೇಲಿನ ಮೂರು ದಿನ ಅಕ್ಕ ಆ ಮಾತು ಎತ್ತಲಿಲ್ಲ. ಕೋಣೆಗಳಿಗೆ ಸುಣ್ಣ ಹೊಡೆಸು, ಕೆಂದಿ ಗಬ್ಬವಾಗಿದೆ, ದೂರ ಬಿಡಬೇಡ, ಇಂಥವೇ ಹೇಳುತ್ತಿದ್ದಳು. ಆರನೇ ದಿನ ಬೆಳಗ್ಗೆ ಉಸಿರು ನಿಂತಿತು.

ತಿಥಿಗೆ, ತರಬೇತಿಯಲ್ಲಿ ಸಿಕ್ಕಿದ್ದ ಆ ತಿರುಮಣಿಯವರೂ ಬಂದಿದ್ದರು. ಕಣ್ಣೊರೆಸಿಕೊಂಡು, "ಪಾಪ, ಆಯಮ್ಮನಿಗೆ ಚದುವು, ಓದುಬರಹ ಇರ್ಲಿಲ್ಲ ಕದಾ ತಮ್ಮುಡು. ಆ ಮಿಷನ್ನು ಗೊತ್ತಾಗ್ದೆ ದಾರಿ ತಪ್ಪಾಗಿ ಹಾಕ್ಬಿಟ್ಟಿದ್ದಾರೆ" ಎಂದರು. ನಾನು ತಲೆ ಆಡಿಸಿದೆ. ಹೌದು ಎಂದು ತಲೆ ಆಡಿಸಿದೆ.

ಕೆಲವು ದಿನಕ್ಕೆ ಬೆಟ್ಟದ ಬಾಯಲ್ಲಿ ಒಂದು ಫಲಕ ನೆಟ್ಟರು. 'ಸ್ಥಳೀಯ ಮಾರ್ಗದರ್ಶಿ ಗುರುತಿಸಿದ ಮೂರನೇ ದಾರಿ ಸುರಕ್ಷಿತವಲ್ಲ. ಯಾರೂ ಬಳಸಬಾರದು.' ಹೆಸರಿಲ್ಲ. ಹೆಸರು ಬೇಕಾಗಿಯೂ ಇಲ್ಲ, ಸುತ್ತ ಹತ್ತು ಊರಿಗೆ ಇದ್ದದ್ದು ಒಬ್ಬಳೇ ಮಾರ್ಗದರ್ಶಿ. ನಮ್ಮ ಹಟ್ಟಿಯಲ್ಲಿ ಮಕ್ಕಳಿಗೆ ದಾರಿ ಹೇಳಿಕೊಟ್ಟವಳು, ಕಾಣೆಯಾದ ಮೇಕೆ ಯಾವ ಪೊಟರೆಯಲ್ಲಿದೆ ಎಂದು ಮನೆಯಲ್ಲೇ ಕೂತು ಹೇಳುತ್ತಿದ್ದವಳು, ದಾರಿ ತಪ್ಪಿಸಿದವಳಾದಳು. ಕೋಣೆಗಳು ನನ್ನ ಹೆಸರಿಗೆ ಬಂದವು. ಪ್ರತಿ ದಿನ ಬೆಳಗ್ಗೆ ಕಸ ಗುಡಿಸುವಾಗ ಆ ಫಲಕದ ಬುಡವನ್ನೂ ಗುಡಿಸುತ್ತಿದ್ದೆ.

ಆಫೀಸಿನವರು ಮೂರನೇ ಗೆರೆಯನ್ನು ತೆಗೆದುಹಾಕಿದರು. ಅಷ್ಟರಲ್ಲಿ ಅದನ್ನು ಯಾರ್ಯಾರೋ ಎಲ್ಲೆಲ್ಲಿಗೋ ಇಳಿಸಿಕೊಂಡಿದ್ದರು. ಈಗಲೂ ಅಪರಿಚಿತರು ಅದನ್ನೇ ಹಿಡಿದು ಬರುತ್ತಾರೆ, ಕೆಳಗೆ ಅಕ್ಕನ ಹೆಸರಿರುತ್ತದೆ. ಭಾನುವಾರ ದೊಣೆಯ ಹತ್ತಿರ ನಿಂತು ಅವರನ್ನು ವಾಪಸು ಕಳಿಸುತ್ತೇನೆ. ಅಲ್ಲಿ ನಿಂತಾಗ ಮೇಲಿನ ಸೆರಗಿನಲ್ಲಿ ಗಂಟೆಯ ಸದ್ದು ಬರುತ್ತದೆ. ಕೆಂದಿ ತನ್ನ ಮರಿಗಳ ಜೊತೆ ಅದೇ ಒಂದು ಮೊಳದ ದಾರಿಯಲ್ಲಿ ಹೋಗುತ್ತಿರುತ್ತದೆ. ಆ ಸದ್ದು ಕೇಳಿದಾಗಲೆಲ್ಲ, ಅದು ದಾಟಿ ಹೋಗುವವರೆಗೆ, ನನಗೆ ಮೈ ಅಲುಗಾಡಿಸಲು ಆಗುವುದಿಲ್ಲ.

ವರ್ಷ ತುಂಬಿದ ದಿನ ಆ ಹೆಂಗಸು ಬಂದಳು, ಅಕ್ಕ ದಾಟಿಸಿದವಳು. ಸೀರೆ, ಹೂವು, ಹಣ್ಣು ತಂದಿದ್ದಳು. ಅಕ್ಕನ ಫೋಟೋದ ಮುಂದೆ ಇಟ್ಟು ಕೈಮುಗಿದು, ನನ್ನ ಕಡೆ ತಿರುಗಿದಳು. "ನಮ್ಮ ಮನೆಯವರಿಗೆ ಇನ್ನೂ ಕೋಪ ಹೋಗಿಲ್ಲ. ನಾನು ಮಾತ್ರ ಅವರನ್ನ ಕ್ಷಮಿಸಿದೀನಿ ಅಣ್ಣ. ತಪ್ಪು ದಾರಿ ಹಾಕಿದ್ದು ಅವರೇ ಆದರೂ, ಅವರೇ ಬಂದು ಉಳಿಸಿದರಲ್ಲ."

ಅಕ್ಕನನ್ನು ಕ್ಷಮಿಸಲು ಒಬ್ಬರು ಅಷ್ಟು ದೂರದಿಂದ ಬಂದಿದ್ದರು. ಅದನ್ನು ನಾನು ತಡೆದುಕೊಳ್ಳಲಾರದೆ ಹೋದೆ.

"ಆ ದಾರಿ ಅಕ್ಕ ನಡೆದದ್ದಲ್ಲ ಕಣಮ್ಮ" ಎಂದೆ. "ನಾನು ಮೇಕೆ ಕೊರಳಿಗೆ ಫೋನ್ ಕಟ್ಟಿ ಮಲಗಿದ್ದೆ."

ಅವಳು ಅಕ್ಕನ ಫೋಟೋದ ಕಡೆ ತಿರುಗಿದಳು. "ಅವರಿಗೆ ಗೊತ್ತಿತ್ತಾ?" ಎಂದಳು.

"ಹತ್ತೋಕೆ ಮುಂಚೆನೇ ಗೊತ್ತಾಯ್ತು."

ಅವಳು ಜಗುಲಿಯ ಮೇಲೆ ನಾನು ತಂದಿಟ್ಟ ಕಾಫಿಯನ್ನು ಮುಟ್ಟದೆ ಹೊರಟು ಹೋದಳು.

ಮಾರನೇ ದಿನ ಮಧುಗಿರಿಗೆ ಹೋದೆ. ಮೇಡಂಗೆ ವರ್ಗವಾಗಿತ್ತು. ಅವರ ಜಾಗದಲ್ಲಿದ್ದವರು ನನ್ನ ಮಾತನ್ನು ಪೂರ್ತಿ ಕೇಳಿದರು. ಫಲಕ ಬದಲಾಯಿಸಬಹುದು, ಅದಕ್ಕೆ ನೀವು ಆದದ್ದನ್ನೆಲ್ಲ ಬರೆದು ಸಹಿ ಮಾಡಿ ಎಂದರು. ಆಮೇಲೆ, "ಹಾಗಾದರೆ ಸರಿಯಾದ ಮೂರನೇ ದಾರಿ ಒಂದಿದೆ ಅಂತಾಯ್ತು. ಅದನ್ನ ನಡೆದು ಹೊಸ ಗೆರೆ ಕೊಡಿ. ನಿಮ್ಮ ಅಕ್ಕನ ದಾರಿ ಅಂತಲೇ ಹಾಕೋಣ" ಎಂದರು.

ಬರೆದು ಕೊಟ್ಟೆ. ಫಲಕ ತೆಗೆದರು. ದಾರಿ ಕೊಡಲು ಆಗಲಿಲ್ಲ.

ಅವಳ ಹಿಂದೆ ಆ ದಾರಿಯಲ್ಲಿ ಹೋಗಿದ್ದವರನ್ನು ಬುಕ್ಕಿಂಗಿನಲ್ಲಿದ್ದ ನಂಬರುಗಳಿಂದ ಹುಡುಕಿ ಕೇಳಿದೆ. ಯಾರಿಗೂ ನೆನಪಿಲ್ಲ. ಅವರು ದಾರಿ ನೋಡಿರಲಿಲ್ಲ, ಅವಳನ್ನು ನೋಡಿಕೊಂಡು ಹೋಗಿದ್ದರು. ಕೆಲವರು ಫೋಟೋ ಕಳಿಸಿದರು. ಎಲ್ಲದರಲ್ಲೂ ಅಕ್ಕನ ಬೆನ್ನು, ಸುತ್ತ ಬಂಡೆ. ಆ ಫೋಟೋಗಳನ್ನು ಹಿಡಿದು ಎಷ್ಟೋ ಸಲ ಹತ್ತಿದ್ದೇನೆ. ದೊಣೆಯವರೆಗೆ ಸರಿ. ದೊಡ್ಡ ಬಂಡೆಯ ಹಿಂದೆ ಹೋದರೆ ಮೂರು ಕಡೆ ಗೋಡೆಯಂಥ ಕಲ್ಲು, ಒಂದು ಕಡೆ ಪ್ರಪಾತ. ಅಲ್ಲಿಂದಲೇ ಅವಳು ಏರಿ ಹೋದದ್ದು. ಸಿಮೆಂಟಿನ ಧೂಳಿನಲ್ಲಿ ನಿಂತು ಅವಳು ಹೇಳಿದ್ದರಲ್ಲಿ ಆ ಜಾಗದ ಮಾತೂ ಇದ್ದಿರಬೇಕು. ಅಂಗೈಯಿಂದ ಕಲ್ಲು ಸವರುತ್ತಾ ನಿಂತಿರುತ್ತೇನೆ. ಮಧ್ಯಾಹ್ನದ ಆ ಬಿಸಿಲಿನಲ್ಲಿ ಒಮ್ಮೊಮ್ಮೆ, ಈಗ ತಾನೇ ಯಾರೋ ಮುಂದೆ ಹೋದರು ಎನ್ನಿಸುತ್ತದೆ. ಕರೆದರೆ ನಿಲ್ಲುವಷ್ಟು ಹತ್ತಿರದಲ್ಲಿ. ಕರೆಯಲು ನನಗೆ ಮುಖವಿಲ್ಲ.

ಈಗ ನಕ್ಷೆಯಲ್ಲಿ ಮತ್ತೆ ಮೂರು ಗೆರೆಗಳಿವೆ. ಮೊದಲ ಎರಡರ ಕೆಳಗೆ ಅಕ್ಕನ ಹೆಸರು. ಮೂರನೆಯದು ಅಪೂರ್ಣ, ದೊಡ್ಡ ಬಂಡೆಯ ಹತ್ತಿರ ನಿಲ್ಲುತ್ತದೆ. ಅದರ ಕೆಳಗೆ ನನ್ನ ಹೆಸರು ಹಾಕಿಸಿದ್ದೇನೆ.